ಕೆಂಪು ಚುಕ್ಕಿ ಬಿದ್ದ ಜನರೇಟರ್

ಹಳೆಯ ಜನರೇಟರ್ ಕೊಳ್ಳಲು ಹೋದವರು ಮಾತಿಗೆ ಮೊದಲು ಅದರ ಎಂಜಿನ್ ಮೇಲೆ ಅಂಗೈ ಇಟ್ಟು ನೋಡಬೇಕು. ತಣ್ಣಗಿರಬೇಕು. ಬೆಚ್ಚಗಿದ್ದರೆ ನಾವು ಬರುವುದಕ್ಕೆ ಮೊದಲೇ ಒಮ್ಮೆ ಓಡಿಸಿಟ್ಟಿದ್ದಾರೆ ಎಂದರ್ಥ. ತಣ್ಣಗಿರುವಾಗ ಅದು ಸುಲಭಕ್ಕೆ ಸ್ಟಾರ್ಟ್ ಆಗುವುದಿಲ್ಲ, ಅದನ್ನು ಮುಚ್ಚಿಡುತ್ತಿದ್ದಾರೆ. ಜಿಗಣಿಯ ಆ ಗೋದಾಮಿನಲ್ಲಿ ನಾನು ಕೈ ಇಟ್ಟಾಗ ಎಂಜಿನ್ ಬೆಚ್ಚಗಿತ್ತು.

"ಏನ್ ಸಾರ್, ಜ್ವರ ನೋಡ್ತಿದ್ದೀರಾ?" ಎಂದ ಮಾರುವವನು.

"ಬೆಳಿಗ್ಗೆ ಓಡಿಸಿದ್ರಾ?"

"ಅಯ್ಯೋ ಇಲ್ಲ ಸಾರ್. ಬಿಸಿಲಿಗೆ ಕಾದಿದೆ ಅಷ್ಟೆ."

ಜನರೇಟರ್ ಇದ್ದದ್ದು ಗೋದಾಮಿನ ಒಳಮೂಲೆಯಲ್ಲಿ. ಅಲ್ಲಿಗೆ ಬಿಸಿಲು ಬರಲು ಗೋಡೆ ಒಡೆಯಬೇಕಿತ್ತು. ನಾನು ವಾದ ಮಾಡಲಿಲ್ಲ. ಆಯಿತು ಎಂದು ಹೊರಗೆ ಬಂದೆ.

ಅದಕ್ಕಾಗಿ ನಾನು ನಾಗಸಂದ್ರದಿಂದ ಹೊರಟು, ಮೆಟ್ರೋದಲ್ಲಿ ಊರಿನ ಈ ತುದಿಯಿಂದ ಆ ತುದಿಗೆ ಬಂದು, ನಡುವೆ ಹಳದಿ ಲೈನಿಗೆ ಬದಲಾಯಿಸಿ, ಬೊಮ್ಮಸಂದ್ರದಲ್ಲಿಳಿದು ಆಟೋ ಹಿಡಿದಿದ್ದೆ. ಹತ್ತಿರ ಹತ್ತಿರ ಎರಡೂವರೆ ಗಂಟೆಯ ದಾರಿ. ಅರ್ಧ ನಿಮಿಷ ಕೈ ಇಡುವುದಕ್ಕೆ. ಬೇಸರವಾಗಬೇಕಿತ್ತು, ಆದರೆ ವಾಪಸು ಆಟೋ ಹತ್ತುವಾಗ ಎದೆ ಹಗುರವಾಗಿತ್ತು. ಬೇಡ ಎನ್ನಲು ಕಾರಣ ಸಿಕ್ಕಿದ್ದೇ ನನಗೆ ಸಮಾಧಾನ. ಆ ತಿಂಗಳು ನಾನು ನೋಡಿ ಬಿಟ್ಟ ಜನರೇಟರ್‌ಗಳಲ್ಲಿ ಅದು ಮೂರನೆಯದು. ನನ್ನ ಹೆಂಡತಿ ಇದ್ದಾಗ ನೋಡಿ ಬಿಟ್ಟದ್ದು ಏಳು.

ಅವಳು ಹೋಗಿ ಆಗ ನಾಲ್ಕು ತಿಂಗಳಾಗಿತ್ತು.

ನಾನು ಮೂವತ್ತೆರಡು ವರ್ಷ ಒಂದು ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು ನೋಡುವುದು ಕೆಲಸ. ಸರಿಯಿದ್ದರೆ ಅದರ ಮೇಲೆ ಹಸಿರು ಬಣ್ಣದ ಚುಕ್ಕಿ, ಇಲ್ಲದಿದ್ದರೆ ಕೆಂಪು. ಕೆಂಪು ಬಿದ್ದದ್ದು ಮುಂದಕ್ಕೆ ಹೋಗುವುದಿಲ್ಲ. ಹಳದಿ ಎಂದು ಮೂರನೆಯದೊಂದು ಇತ್ತು. ಇದರಲ್ಲಿ ಇಂಥ ಕೊರತೆ ಇದೆ, ಗೊತ್ತಿದ್ದೇ ತೆಗೆದುಕೊಳ್ಳುತ್ತಿದ್ದೇವೆ, ಕೆಲಸ ನಡೆಯುತ್ತದೆ ಎಂದು ಒಂದು ಕಾಗದದಲ್ಲಿ ಬರೆದು, ಸಹಿ ಹಾಕಿ, ಹಳದಿ ಚುಕ್ಕಿ ಇಡಬಹುದಿತ್ತು. ಡೀವಿಯೇಶನ್ ಎನ್ನುತ್ತಿದ್ದೆವು. ನಾನು ಹಳದಿ ಇಟ್ಟದ್ದು ಬಹಳ ಕಡಿಮೆ. ಸುಲಭಕ್ಕೆ ಬಿಡದವನು ಎಂದು ಕಾರ್ಖಾನೆಯ ಶಾಪಿನಲ್ಲಿ ನನಗೆ ಹೆಸರಿತ್ತು, ಆ ಹೆಸರಿನ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ನನ್ನ ಹೆಂಡತಿ ಇದನ್ನೇ ಹಿಡಿದುಕೊಂಡು ರೇಗಿಸುತ್ತಿದ್ದಳು.

"ನನ್ನ ನೋಡೋಕೆ ಬಂದಾಗ ಯಾವ ಬಣ್ಣ ಇಟ್ರಿ?"

"ಹಸಿರು ಕಣೇ."

"ಸುಳ್ಳು. ಈ ಹಲ್ಲು ನೋಡಿ, ಅರ್ಧ ಇಂಚು ಆಚೆಗಿದೆ. ಖಂಡಿತ ಹಳದಿ."

ಅವಳು ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ನಮ್ಮದು ನಾಗಸಂದ್ರದ ಹಿಂದಿನ ಬೀದಿ. ಒಂದು ಮನೆಗೂ ಇನ್ನೊಂದಕ್ಕೂ ಮೂರಡಿ ಅಂತರ. ಅವಳ ಹೊಲಿಗೆ ಮಿಷನ್ ಇದ್ದ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ, ಅದರ ಮೇಲೆ ಅವರ ಬಚ್ಚಲಿನ ಪೈಪು. ಇಪ್ಪತ್ತೈದು ವರ್ಷ ಅವಳು ಆ ಪೈಪನ್ನು ನೋಡಿಕೊಂಡು ಹೊಲಿದಳು. ಏಳನೇ ಕ್ಲಾಸಿನಲ್ಲಿ ಶಾಲೆಯವರು ಹಿರಿಯೂರಿನ ಹತ್ತಿರದ ಮಾರಿಕಣಿವೆ ಅಣೆಕಟ್ಟಿಗೆ ಪ್ರವಾಸ ಕರೆದುಕೊಂಡು ಹೋಗಿದ್ದರಂತೆ. ನೀರಿನ ಮೇಲೆ ಸೂರ್ಯ ಇಳಿಯುವುದನ್ನು ನೋಡಬೇಕೆಂದು ಹುಡುಗಿಯರೆಲ್ಲ ಸಾಲಾಗಿ ಕೂತಿದ್ದರಂತೆ. ಅಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದ, ಹೊತ್ತಾಯಿತೆಂದು ಎಲ್ಲರನ್ನೂ ಬಸ್ಸಿಗೆ ತುಂಬಿದರು. "ಇನ್ನೊಂದು ಗೇಣು ಇತ್ತು ರೀ, ಮುಳುಗೋಕೆ," ಎನ್ನುತ್ತಿದ್ದಳು. ಅಷ್ಟು ವರ್ಷವಾದ ಮೇಲೂ ಆ ಡ್ರೈವರ್ ಮೇಲೆ ಸಿಟ್ಟು ಹೋಗಿರಲಿಲ್ಲ.

ನಾನು ನಿವೃತ್ತನಾದ ವರ್ಷ ಒಂದು ಹಳೆಯ ವ್ಯಾನ್ ಕೊಂಡೆವು. ಶಾಲೆಯ ಮಕ್ಕಳನ್ನು ಕರೆದೊಯ್ಯುತ್ತಿದ್ದ ವ್ಯಾನು. ಹಿಂದಿನ ಸೀಟುಗಳನ್ನು ಕಿತ್ತು ಪ್ಲೈವುಡ್ಡಿನ ಮಂಚ ಮಾಡಿದೆ. ಮಂಚದ ಕೆಳಗೆ ಪಾತ್ರೆ, ಒಲೆ, ನೀರಿನ ಕ್ಯಾನು. ಅವಳು ರವಿಕೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಕಿಟಕಿಗಳಿಗೆ ಪರದೆ ಹೊಲಿದಳು. ಒಂದೊಂದು ಪರದೆಯಲ್ಲೂ ಬೀದಿಯ ಹೆಂಗಸರೆಲ್ಲ ಇದ್ದಾರೆ ಎಂದು ನಗುತ್ತಿದ್ದಳು. ಮಾರಿಕಣಿವೆಯ ನೀರಿನ ಪಕ್ಕ ವ್ಯಾನ್ ನಿಲ್ಲಿಸಿ ಒಂದು ರಾತ್ರಿ ಮಲಗಬೇಕು, ಕಿಟಕಿ ತೆಗೆದರೆ ಯಾರ ಗೋಡೆಯೂ ಕಾಣಬಾರದು. ಇಷ್ಟೇ ಅವಳ ಆಸೆ.

ಮಂಚ ಮುಗಿಯುವ ಹೊತ್ತಿಗೆ ಅವಳಿಗೆ ಉಸಿರಾಟದ ತೊಂದರೆ ಶುರುವಾಯಿತು. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ ಎಂದರು ಡಾಕ್ಟರು. ಮನೆಗೆ ಆಕ್ಸಿಜನ್ ಮಿಷನ್ ಬಂತು. ಮೊಣಕಾಲೆತ್ತರದ, ಚಕ್ರವಿರುವ ಬಿಳಿ ಪೆಟ್ಟಿಗೆ. ಕರೆಂಟಿನಲ್ಲಿ ಓಡುತ್ತದೆ, ಗಾಳಿಯಿಂದ ಆಮ್ಲಜನಕ ತೆಗೆದು ಪೈಪಿನಲ್ಲಿ ಮೂಗಿಗೆ ಕೊಡುತ್ತದೆ. ರಾತ್ರಿಯೆಲ್ಲ ಅದು ಬೇಕೇಬೇಕು. ಕರೆಂಟ್ ಹೋದರೆ ಎದ್ದು ಸಣ್ಣ ಸಿಲಿಂಡರಿಗೆ ಪೈಪು ಬದಲಿಸಬೇಕು. ಆ ಸಿಲಿಂಡರ್ ಬರುವುದು ಎರಡು ಗಂಟೆ.

ಹಾಗಾಗಿ ವ್ಯಾನಿಗೆ ಜನರೇಟರ್ ಬೇಕಾಯಿತು. ರಾತ್ರಿಯಿಡೀ ಆ ಮಿಷನ್ ಓಡಿಸುವಷ್ಟು ಬ್ಯಾಟರಿ ನಮ್ಮ ಕೈಗೆ ಎಟುಕುವಂಥದ್ದಲ್ಲ. ಕೈಯಲ್ಲಿ ಎತ್ತಿ ಇಡುವಂಥ ಪೆಟ್ರೋಲ್ ಜನರೇಟರ್ ಆದರೆ ವ್ಯಾನಿನಿಂದ ದೂರಕ್ಕೆ, ಹೊಗೆ ಈ ಕಡೆ ಬಾರದ ಹಾಗೆ ಇಟ್ಟು, ಉದ್ದದ ವೈರ್ ಎಳೆಯಬಹುದು. ಒಂದೇ ರಾತ್ರಿಗೆ ಹೊಸದು ಯಾಕೆ, ಹಳೆಯದೇ ಸಾಕು ಎಂದಳು ಅವಳು. ವ್ಯಾನಿನ ಕೆಲಸಗಳನ್ನೆಲ್ಲ ನಾನು ಒಂದು ಹಾಳೆಯಲ್ಲಿ ಬರೆದಿದ್ದೆ. ಒಂದೊಂದಾಗಿ ಎಲ್ಲವನ್ನೂ ಹೊಡೆದು ಹಾಕಿದೆ. ಕೊನೆಯ ಸಾಲು ಉಳಿಯಿತು.

ಏಳು ಜನರೇಟರ್ ನೋಡಿದೆ. ಒಂದು ನೀಲಿ ಹೊಗೆ ಬಿಡುತ್ತಿತ್ತು, ಒಂದರ ಹಗ್ಗ ಐದು ಸಲ ಎಳೆದರೂ ಹಿಡಿಯಲಿಲ್ಲ. ಇನ್ನೊಂದರ ವೋಲ್ಟೇಜು ಹೊಯ್ದಾಡುತ್ತಿತ್ತು. ಎಲ್ಲದಕ್ಕೂ ಕಾರಣವಿತ್ತು. ನಾನು ಸುಮ್ಮಸುಮ್ಮನೆ ಯಾವುದನ್ನೂ ಬಿಡಲಿಲ್ಲ. ಇದನ್ನು ನಾನು ಈಗಲೂ ನನಗೇ ಹೇಳಿಕೊಳ್ಳುತ್ತೇನೆ.

ಏಳನೆಯದು ಪೀಣ್ಯದಲ್ಲಿ. ಹಳೆಯ ಮೋಟಾರು, ಪಂಪು, ಜನರೇಟರ್ ಮಾರುವ ಶೆಡ್ಡು. ಅದರ ಯಜಮಾನ ಅಲ್ಲಿನ ಹಳೆಯ ಊರಿನವನು. ಶೆಡ್ಡು ಇರುವುದು ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ. ಸುತ್ತಲೂ ಕಾರ್ಖಾನೆಗಳು ಎದ್ದ ಮೇಲೆ ಉಳಿದ ಚೂರು ಜಾಗದಲ್ಲಿ, ಒಂದು ಹೊಂಗೆ ಮರದ ಪಕ್ಕ, ಶೀಟು ಹಾಕಿಕೊಂಡಿದ್ದ. ಅವತ್ತು ನನ್ನ ಹೆಂಡತಿಯೂ ಬಂದಿದ್ದಳು, ಸಣ್ಣ ಸಿಲಿಂಡರನ್ನು ಚೀಲದಲ್ಲಿ ಹಾಕಿಕೊಂಡು. ಅವಳನ್ನು ನೋಡಿದ್ದೇ ಆತ ಮರದ ಕೆಳಗೆ ಕುರ್ಚಿ ಹಾಕಿಸಿದ, ಚಾ ತರಿಸಿದ. ಅವರಿಬ್ಬರೂ ಅದೇನೋ ಹಳೆಯ ಪರಿಚಯದವರ ಹಾಗೆ ಮಾತಾಡಿಕೊಂಡು ಕೂತರು. ನಾನು ಜನರೇಟರ್ ಪಕ್ಕ ಕುಕ್ಕರಗಾಲಿನಲ್ಲಿ ಕೂತೆ.

ಎಂಜಿನ್ ತಣ್ಣಗಿತ್ತು. ಎರಡನೆಯ ಎಳೆತಕ್ಕೆ ಸ್ಟಾರ್ಟ್ ಆಯಿತು. ಹೊಗೆ ಇಲ್ಲ. ಪರೀಕ್ಷೆಗೆಂದು ಮನೆಯಿಂದ ತಂದಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಕಮ್ಮಿಗೆ ತಿರುಗಿಸಿ ಹಾಕಿ ಮೀಟರ್ ಹಿಡಿದೆ, ವೋಲ್ಟೇಜು ನಿಂತಿತ್ತು. ಅರ್ಧ ಗಂಟೆ ಓಡಿಸಿದೆ. ಆರಿಸಿ, ಬೆರಳಿಗೆ ಬಟ್ಟೆ ಸುತ್ತಿ ಎಂಜಿನ್ ಸುತ್ತ ಸವರಿದೆ. ಕೆಳಗೆ ಎರಡು ಭಾಗ ಕೂಡುವ ಕಡೆ ಬಟ್ಟೆಗೆ ಎಣ್ಣೆ ಹತ್ತಿತು. ಒರೆಸಿ ಕಾದೆ. ಮತ್ತೆ ಹತ್ತಿತು. ಸಣ್ಣ ಸೋರಿಕೆ.

ಆಮೇಲೆ ಮಾಡಿದ್ದನ್ನು ನಾನು ಯೋಚಿಸಿ ಮಾಡಲಿಲ್ಲ. ಜೇಬಿನಲ್ಲಿ ಕೆಂಪು ಪೇಂಟ್ ಪೆನ್ನು ಇತ್ತು. ನಿವೃತ್ತಿಯಾದ ಮೇಲೂ ಅದನ್ನು ಇಟ್ಟುಕೊಂಡೇ ತಿರುಗುತ್ತಿದ್ದೆ. ತೆಗೆದು, ಸೋರುತ್ತಿದ್ದ ಜಾಗದ ಮೇಲೆ, ಎಲ್ಲರಿಗೂ ಕಾಣುವ ಕಡೆ, ಗುಂಡಗೆ ಒಂದು ಚುಕ್ಕಿ ಇಟ್ಟೆ.

ಯಜಮಾನ ಎದ್ದು ಬಂದ. "ಏನ್ ಸ್ವಾಮಿ ಇದು?"

"ಇಲ್ಲಿ ಆಯಿಲ್ ಲೀಕ್ ಇದೆ."

"ಲೀಕ್ ಇದ್ರೆ ಬಾಯಲ್ಲಿ ಯೋಳಿ! ನನ್ನ ಮಾಲಿಗೆ ನೀವ್ಯಾಕೆ ಬಣ್ಣ ಬಳೀತೀರಿ? ಕಾಸು ಕೊಟ್ಟಿದ್ದೀರಾ? ಇದು ಪೀಣ್ಯ ಸ್ವಾಮಿ. ಇಲ್ಲಿ ಬರೋರೆಲ್ಲ ಕಾರ್ಖಾನೆಯೋರೇ. ಕೆಂಪು ಚುಕ್ಕಿ ಅಂದ್ರೆ ಏನಂತ ಕೂಸಿಗೂ ಗೊತ್ತು. ಇನ್ನು ಇದನ್ನ ಯಾವನು ತಕ್ಕೊಂಡೋಯ್ತಾನೆ?"

ನನಗೆ ಮುಖವೆತ್ತಲು ಆಗಲಿಲ್ಲ. ಹೆಂಡತಿ ಕುರ್ಚಿಯಿಂದಲೇ, ಉಸಿರು ಎಳೆದುಕೊಳ್ಳುತ್ತಾ, "ತಪ್ಪಾಯ್ತಣ್ಣ. ಇವ್ರು ಮದುವೆ ಮನೆಗೆ ಹೋದ್ರೂ ಪೆನ್ನು ಜೇಬಲ್ಲಿಟ್ಕೊಂಡೇ ಹೋಗೋದು. ಗಂಡು ಹೆಣ್ಣಿಗೆ ಇನ್ನೂ ಇಟ್ಟಿಲ್ಲ, ಅದೇ ಪುಣ್ಯ," ಎಂದಳು. ಆತ ಸಿಟ್ಟಿನ ನಡುವೆಯೇ ನಕ್ಕುಬಿಟ್ಟ.

ವಾಪಸು ಬರುವಾಗ ವ್ಯಾನಿನಲ್ಲಿ ಅವಳು ಸಿಲಿಂಡರಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸಿಗ್ನಲ್ಲಿನಲ್ಲಿ ನಿಂತಾಗ ಹೇಳಿದಳು.

"ಒಂದು ರಾತ್ರಿಗೆ ರೀ. ಒಂದು ರಾತ್ರಿಗೆ ಎಷ್ಟು ಸೋರುತ್ತೆ?"

"ಸೋರೋ ಮಿಷನ್ ನಂಬ್ಕೊಂಡು ನಿನ್ನ ಕರ್ಕೊಂಡು ಹೋಗಲ್ಲ. ಎಣ್ಣೆ ಕಮ್ಮಿಯಾಗಿ ನಡುರಾತ್ರಿ ನಿಂತುಹೋದ್ರೆ?"

"ಸಿಲಿಂಡರ್ ಇರುತ್ತಲ್ಲ."

"ಎರಡು ಗಂಟೆ."

"ಎರಡು ಗಂಟೇಲಿ ಹಿರಿಯೂರು ಆಸ್ಪತ್ರೆಗೆ ಹೋಗಕ್ಕಾಗಲ್ವಾ ನಿಮ್ಗೆ?"

ಆಗುತ್ತಿತ್ತು. ಅರ್ಧ ಗಂಟೆ ಸಾಕಿತ್ತು. ಸಿಗ್ನಲ್ ಬಿಟ್ಟಿತು, ಗೇರು ಹಾಕಿದೆ. ಇನ್ನೊಂದು ಒಳ್ಳೆಯದು ಸಿಗುತ್ತದೆ, ಸಿಕ್ಕಿದ ವಾರವೇ ಹೊರಡೋಣ ಎಂದೆ. ಹೂಂ ಎಂದಳು. ಅದಾದ ಎರಡು ತಿಂಗಳಿಗೆ, ಆಷಾಢದಲ್ಲಿ, ಆಸ್ಪತ್ರೆ ಸೇರಿದಳು. ಒಂಬತ್ತನೆಯ ದಿನ ಹೋದಳು.

ಅವಳು ಹೋದ ಮೇಲೆ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಚಾಕ್ಕೆ ನೀರಿಟ್ಟು ಗೇಟಿಗೆ ಹೋಗುತ್ತಿದ್ದೆ, ಗೇಟಿಗೆ ಯಾಕೆ ಬಂದೆನೆಂದು ಮರೆತು ಬೀದಿ ತುದಿಯವರೆಗೆ ನಡೆಯುತ್ತಿದ್ದೆ, ಬರುವ ಹೊತ್ತಿಗೆ ನೀರು ಇಂಗಿ ಪಾತ್ರೆ ಸೀಯುತ್ತಿತ್ತು. ಕಾರಣ ಗೊತ್ತಾಗಲು ನನಗೆ ಸ್ವಲ್ಪ ದಿನ ಬೇಕಾಯಿತು. ಎರಡು ವರ್ಷ ಆ ಆಕ್ಸಿಜನ್ ಮಿಷನ್ ಮನೆಯಲ್ಲಿ ಓಡಿತ್ತು. ಗುಂಯ್ ಎಂಬ ಸದ್ದು, ನಡುನಡುವೆ ಯಾರೋ ಉಸಿರು ಬಿಟ್ಟ ಹಾಗೆ ಒಂದು ಪುಸ್ಸ್. ಸದ್ದು ನಿಂತಿತೆಂದರೆ ಕರೆಂಟ್ ಹೋಯಿತು, ಓಡಬೇಕು, ಪೈಪು ಬದಲಿಸಬೇಕು. ನನ್ನ ಮೈ ಅದನ್ನು ಕಲಿತುಬಿಟ್ಟಿತ್ತು. ಈಗ ಮನೆಯಲ್ಲಿ ಸದಾ ನಿಶ್ಶಬ್ದ. ಮೈ ಸದಾ ಎದ್ದು ಓಡಲು ನಿಂತಿರುತ್ತಿತ್ತು.

ಆಯುಧಪೂಜೆ ಬಂತು. ಆ ವರ್ಷ ನಮಗೆ ಹಬ್ಬವಿಲ್ಲ. ಬೀದಿಯ ಗಾಡಿಗಳಿಗೆಲ್ಲ ಬಾಳೆಕಂದು, ಸೇವಂತಿಗೆ ಹಾರ. ನಮ್ಮ ವ್ಯಾನ್ ಮಾತ್ರ ಧೂಳು ಹೊತ್ತು ನಿಂತಿತ್ತು. ನಾನು ಅದನ್ನು ಒರೆಸಲೂ ಇಲ್ಲ.

ನಮಗೆ ಒಬ್ಬಳೇ ಮಗಳು. ಗಂಡನ ಜೊತೆ ಮಾರತ್ತಹಳ್ಳಿಯಲ್ಲಿ ಇದ್ದಾಳೆ, ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ನಾನು ಜಿಗಣಿಯಿಂದ ವಾಪಸು ಬರುತ್ತಿದ್ದಾಗ ಮೆಟ್ರೋದಲ್ಲಿ ಅವಳ ಫೋನ್ ಬಂತು.

"ಎಲ್ಲಿದ್ದೀಯಪ್ಪ?"

"ಮೆಟ್ರೋದಲ್ಲಿ."

"ಮತ್ತೆ ಜನರೇಟರ್ರಾ?"

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಈಗ ಅದು ಯಾರಿಗೆ ಹೇಳು? ನೀನೊಬ್ಬನೇ ಹೋದ್ರೆ ಒಂದು ಟಾರ್ಚ್ ಸಾಕು. ನೋಡಪ್ಪ, ಒಬ್ರು ಸಿಕ್ಕಿದ್ದಾರೆ. ಆಫೀಸುಗಳಿಗೆ ಊಟ ಸಾಗಿಸೋಕೆ ವ್ಯಾನ್ ಬೇಕಂತೆ. ಭಾನುವಾರ ನೋಡೋಕೆ ಬರ್ತಾರೆ. ಇಲ್ಲಾ ಅಷ್ಟರೊಳಗೆ ಅದನ್ನ ಮುಗಿಸಿ ಎಲ್ಲಿಗಾದ್ರೂ ಹೊರಡು, ಇಲ್ಲಾ ಕೊಟ್ಟುಬಿಡು. ಮನೆಗೆ ಬಂದಾಗೆಲ್ಲ ಆ ಪರದೆ ನೋಡೋಕೆ ನಂಗಾಗಲ್ಲ."

ಅವಳು ಹೇಳಿದ್ದು ಸರಿ. ಅಂದು ಮಂಗಳವಾರ. ನನ್ನ ಹತ್ತಿರ ಐದು ದಿನ ಇತ್ತು. ಕಿಟಕಿಯಾಚೆ ಮೆಟ್ರೋ ಪೀಣ್ಯ ದಾಟುತ್ತಿತ್ತು, ಕೆಳಗೆ ಶೀಟಿನ ಚಾವಣಿಗಳು ಒತ್ತೊತ್ತಾಗಿ ಹೋಗುತ್ತಿದ್ದವು. ಆ ಶೆಡ್ಡು ಅಲ್ಲೆಲ್ಲೋ ಇದೆ ಎಂದು ನೆನಪಾಯಿತು. ಸುಳ್ಳು ಯಾಕೆ ಹೇಳಲಿ, ಅದು ಮರೆತೇ ಇರಲಿಲ್ಲ. ಒಂದು ತಿಂಗಳಿಂದ ಊರೆಲ್ಲ ಸುತ್ತಿದವನು ಮನೆಯಿಂದ ನಾಲ್ಕು ಕಿಲೋಮೀಟರ್ ದೂರದ ಆ ಒಂದು ಕಡೆಗೆ ಮಾತ್ರ ಹೋಗಿರಲಿಲ್ಲ.

ಬುಧವಾರ ಹೊರಟು, ಬಸ್‌ಸ್ಟಾಪಿನವರೆಗೆ ಹೋಗಿ ವಾಪಸು ಬಂದೆ. ಗುರುವಾರ ಹೋದೆ.

ಯಜಮಾನ ಮರದ ಕೆಳಗೆ ಕೂತು ಮೋಟಾರಿನ ತಾಮ್ರದ ತಂತಿ ಬಿಚ್ಚುತ್ತಿದ್ದ. ನನ್ನನ್ನು ಕಂಡು ಕಣ್ಣು ಕಿರಿದು ಮಾಡಿದ.

"ಓಹೋ, ಇನ್‌ಸ್ಪೆಕ್ಟರ್ ಸಾಹೇಬ್ರು! ಪೆನ್ನು ಮನೇಲಿಟ್ಟು ಬಂದಿದ್ದೀರಾ, ಇಲ್ಲ ಜೇಬಲ್ಲೈತಾ?"

"ಮನೇಲಿದೆ."

"ಅಕ್ಕ ಎಂಗವ್ರೆ? ಬರ್ಲಿಲ್ವಾ?"

"ಮನೇಲಿದ್ದಾರೆ," ಎಂದೆ.

ಹೇಗೆ ಬಾಯಿಗೆ ಬಂತೋ. ಪೆನ್ನಿಗೆ ಹೇಳಿದ ಉತ್ತರವನ್ನೇ ಅವಳಿಗೂ ಹೇಳಿಬಿಟ್ಟೆ. ಆತ ತಲೆಯಾಡಿಸಿ, ಒಳಗೆ ಕೈ ತೋರಿಸಿದ.

ಜನರೇಟರ್ ಅಲ್ಲೇ ಇತ್ತು, ಅದೇ ಮೂಲೆಯಲ್ಲಿ. ಆಯುಧಪೂಜೆಯ ದಿನ ಹಚ್ಚಿದ ವಿಭೂತಿ, ಕುಂಕುಮ ಒಣಗಿ ಅಂಟಿಕೊಂಡಿದ್ದವು. ಕೆಳಗೆ ನನ್ನ ಕೆಂಪು ಚುಕ್ಕಿ, ಹಾಗೇ.

"ಯಾರೂ ತಗೊಳ್ಳಲಿಲ್ವಾ?"

"ಯಾರು ತಕ್ಕೊತಾರೆ? ನಾಕು ಜನ ಬಂದ್ರು. ಎಲ್ಲಾ ಚೆಂದಾಗಿ ನೋಡೋದು, ಸ್ಟಾರ್ಟ್ ಮಾಡೋದು, ಆಮೇಲೆ ಬಗ್ಗಿ ಆ ಚುಕ್ಕಿ ನೋಡೋದು. ಇದ್ಯಾಕೆ ರಿಜೆಕ್ಟ್ ಆಗೈತೆ ಅನ್ನೋದು. ಓಗೋದು."

"ಥಿನ್ನರ್ ಹಾಕಿ ಒರೆಸಿದ್ರೆ ಹೋಗ್ತಿತ್ತಲ್ಲ?"

"ಓಯ್ತಿತ್ತು. ನಾನೇ ಒರೆಸ್ಲಿಲ್ಲ. ಅಚ್ಚಿದೋರೇ ಬಂದು ಒರೆಸ್ಲಿ ಅಂತ ಬಿಟ್ಟೆ. ನಿಮ್ಮ ಮೇಲೆ ಸಿಟ್ಟು ನಂಗೆ. ಸುಳ್ಳು ಯಾಕೆ ಯೋಳ್ಲಿ." ತಂತಿ ಕೆಳಗಿಟ್ಟು ಕೈ ಒರೆಸಿಕೊಂಡ. "ಅಲ್ಲದೆ ಅಕ್ಕ ಯೋಳಿದ್ರು. ನೀವು ಮೀಟರ್ ಇಡ್ಕೊಂಡು ಕೂತಿದ್ರಲ್ಲ, ಆಗ. ಇದೇ ಚೆನ್ನಾಗೈತೆ ಅಣ್ಣ, ಇದನ್ನೇ ತಕ್ಕೊತೀವಿ, ಇವ್ರು ಇನ್ನೂ ನಾಕು ನೋಡ್ಕೊಂಡು ಕೊನೇಗೆ ಇಲ್ಲಿಗೇ ಬರ್ತಾರೆ ಅಂದ್ರು. ಎಷ್ಟು ನೋಡಿದ್ರಿ?"

"ಮೂರು."

"ಒಂದು ಕಮ್ಮಿ ಆಯ್ತಲ್ಲ!" ಎಂದು ಜೋರಾಗಿ ನಕ್ಕ. ನಾನು ನಗಲಿಲ್ಲ. ಅಷ್ಟು ಹೊತ್ತಿಗೆ ಆತ ನನ್ನ ಮುಖ ಸರಿಯಾಗಿ ನೋಡಿದ. ನಗು ನಿಲ್ಲಿಸಿದ.

"ಸ್ವಾಮಿ. ಅಕ್ಕ ಮನೇಲವ್ರಾ?"

"ಇಲ್ಲ," ಎಂದೆ. "ಆಷಾಢದಲ್ಲಿ ಹೋದ್ಲು."

ಆತ ಎದ್ದ. ಒಳಗಿನಿಂದ ಅದೇ ಕುರ್ಚಿ ತಂದು ಮರದ ಕೆಳಗೆ ಹಾಕಿದ. ನಾನು ಕೂರಲಿಲ್ಲ. ಆತನೂ ಕೂರಲಿಲ್ಲ. ಕುರ್ಚಿ ಹಾಗೇ ಇತ್ತು. ಬೀದಿಯಾಚೆಯ ಕಾರ್ಖಾನೆಯಲ್ಲಿ ಪ್ರೆಸ್ಸು ಧಡ್ ಧಡ್ ಎಂದು ಹೊಡೆಯುತ್ತಿತ್ತು.

"ಮತ್ತೆ ಇದ್ಯಾಕೆ ನಿಮ್ಗೆ?" ಎಂದ ಕೊನೆಗೆ. ಮಗಳು ಕೇಳಿದ್ದೇ ಪ್ರಶ್ನೆ.

"ಬೇಕು," ಎಂದೆ.

ನಾನು ಎಂಜಿನ್ ಮೇಲೆ ಕೈ ಇಡಲಿಲ್ಲ, ಸ್ಟಾರ್ಟ್ ಮಾಡಿಸಲಿಲ್ಲ, ಬೆಲೆಗೆ ಚೌಕಾಸಿ ಮಾಡಲಿಲ್ಲ. ಆತನೇ ಎತ್ತಿ ಆಟೋದಲ್ಲಿಟ್ಟು, ಅಲ್ಲಾಡದ ಹಾಗೆ ಗೋಣಿಚೀಲ ಒತ್ತಿದ. "ಆಯಿಲ್ ನೋಡ್ತಿರಿ ಸ್ವಾಮಿ, ಒಸಿ ಸೋರ್ತದೆ," ಎಂದು ಹೇಳಿದ. ಆ ಮಾತನ್ನು ಆತ ನನಗೆ ಹೇಳಿದ್ದು ಅಣಕಕ್ಕಲ್ಲ.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಜನರೇಟರನ್ನು ಗೇಟಿನ ಹೊರಗಿಟ್ಟೆ. ಎಣ್ಣೆ ತುಂಬಿ, ಹಗ್ಗ ಎಳೆದೆ. ಎರಡನೆಯ ಎಳೆತಕ್ಕೆ ಹಿಡಿಯಿತು. ಯಂತ್ರವನ್ನು ಅದು ಹೊರಬೇಕಾದ ಭಾರದ ಮೇಲೇ ಪರೀಕ್ಷಿಸಬೇಕು, ಬೇರೆಯದರ ಮೇಲೆ ಪರೀಕ್ಷಿಸಿ ಪ್ರಯೋಜನವಿಲ್ಲ ಎಂದು ನಾನು ಶಾಪಿನಲ್ಲಿ ಹೊಸಬರಿಗೆ ಹೇಳಿಕೊಡುತ್ತಿದ್ದೆ. ಈ ಜನರೇಟರ್ ಹೊರಬೇಕಾದ ಭಾರ ಮಲಗುವ ಕೋಣೆಯ ಮೂಲೆಯಲ್ಲಿ, ಅವಳ ಹಳೆಯ ಸೀರೆ ಹೊದ್ದು ನಿಂತಿತ್ತು. ಆಕ್ಸಿಜನ್ ಮಿಷನನ್ನು ಉರುಳಿಸಿಕೊಂಡು ಬಂದು ವ್ಯಾನಿನೊಳಗೆ, ಮಂಚದ ಪಕ್ಕ, ಅದಕ್ಕೆಂದೇ ಬಿಟ್ಟಿದ್ದ ಜಾಗದಲ್ಲಿ ಇಟ್ಟೆ. ಸರಿಯಾಗಿ ಕೂತಿತು. ವೈರ್ ಎಳೆದೆ. ಸ್ವಿಚ್ ಹಾಕಿದೆ.

ಬೀಪ್ ಎಂದಿತು. ಗುಂಯ್ ಶುರುವಾಯಿತು. ಸ್ವಲ್ಪ ಹೊತ್ತಿಗೆ ಪುಸ್ಸ್.

ಮೀಟರ್ ಹಿಡಿದೆ. ಇನ್ನೂರ ಹದಿನೆಂಟು ವೋಲ್ಟ್. ಅಲ್ಲಾಡಲಿಲ್ಲ. ಹತ್ತು ನಿಮಿಷ ಬಿಟ್ಟು ನೋಡಿದೆ, ಅಷ್ಟೇ. ಅರ್ಧ ಗಂಟೆ, ಅಷ್ಟೇ. ಮಿಷನಿನ ಹಸಿರು ದೀಪ ಒಂದು ಸಲವೂ ಆರಲಿಲ್ಲ. ನಾನು ಮಂಚದ ಅಂಚಿನಲ್ಲಿ ಕೂತೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ನನ್ನ ಕಾಲು ಅಲ್ಲಾಡದೆ ಸುಮ್ಮನಿತ್ತು. ಪರದೆಗಳು ಎಂಜಿನ್ನಿನ ನಡುಕಕ್ಕೆ ಸಣ್ಣಗೆ ಅದುರುತ್ತಿದ್ದವು. ಮೂಗಿಗೆ ಹಾಕುವ ಪೈಪಿನ ತುದಿ ನೆಲದ ಮೇಲೆ ಬಿದ್ದು, ಯಾರಿಗೂ ಅಲ್ಲದ ಗಾಳಿ ಬಿಡುತ್ತಿತ್ತು. ಅದನ್ನೆತ್ತಿ ಕೈಯಲ್ಲಿ ಹಿಡಿದುಕೊಂಡೆ.

ಮಗಳು ಬರುವವಳಿದ್ದದ್ದು ಭಾನುವಾರ. ಅವಳು ಶನಿವಾರವೇ ಬಂದಳು. ಬೀದಿ ತಿರುವಿನಲ್ಲೇ ಆ ಪುಸ್ಸ್ ಸದ್ದು ಕೇಳಿಸಿತೆಂದು ಆಮೇಲೆ ಹೇಳಿದಳು. ಜನರೇಟರಿನ ಅಬ್ಬರದಲ್ಲಿ ಅದು ಕೇಳಿಸಲು ಸಾಧ್ಯವಿಲ್ಲ, ಆದರೂ ನಾನು ನಂಬುತ್ತೇನೆ. ಚಪ್ಪಲಿ ಬಡಿಯುತ್ತಾ ಓಡಿಬಂದು ವ್ಯಾನಿನ ಬಾಗಿಲು ಎಳೆದಳು. ಒಳಗೆ ನಾನೊಬ್ಬನೇ ಇದ್ದೆ.

"ಏನಪ್ಪಾ ಮಾಡ್ತಿದ್ದೀಯ? ಏನಿದು? ಜೀವ ಬಾಯಿಗೆ ಬಂತು ನಂಗೆ!"

"ಟೆಸ್ಟ್ ಮಾಡ್ತಿದ್ದೆ."

"ಯಾರಿಗೆ?"

"ಓಡ್ತಿದೆ," ಎಂದೆ. "ಎರಡು ಗಂಟೆಯಾಯ್ತು. ಒಂದು ಸಲವೂ ನಿಂತಿಲ್ಲ. ಇದೇ ಜನರೇಟರ್. ನಿಮ್ಮಮ್ಮ ಇದ್ದಾಗ ನಾನು ಬೇಡ ಅಂದದ್ದು ಇದನ್ನೇ. ಅವತ್ತೇ ಓಡ್ತಿತ್ತು ಕಣಮ್ಮ. ಅವಳನ್ನ ಕರ್ಕೊಂಡು ಹೋಗಬಹುದಿತ್ತು."

ಅವಳು ನನ್ನ ಪಕ್ಕ ಕೂತಳು. ಹಾಗೇನಿಲ್ಲ ಅಪ್ಪ ಎಂದು ಹೇಳುತ್ತಾಳೆಂದು ಕಾದೆ. ಅವಳು ಹೇಳಲಿಲ್ಲ.

"ಹೌದು," ಎಂದಳು. "ಹೋಗಬಹುದಿತ್ತು."

ನನಗೆ ಅದೇ ಬೇಕಿತ್ತೇನೋ. ಬಂದವರೆಲ್ಲ ನಿಮ್ಮ ತಪ್ಪೇನಿಲ್ಲ ಎಂದು ಹೇಳಿ ಹೇಳಿ, ಆ ತಪ್ಪನ್ನು ಇಡಲು ನನಗೆ ಜಾಗವೇ ಇರಲಿಲ್ಲ. ಇಬ್ಬರೂ ಆ ಸದ್ದು ಕೇಳುತ್ತಾ ಕೂತೆವು. ಕೊನೆಗೆ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಬಗ್ಗಿ, "ಸಾರ್, ಕರೆಂಟ್ ಇದೆಯಲ್ಲ ಸಾರ್?" ಎಂದು ಕೂಗಿದರು. ಮಗಳಿಗೆ ನಗು ಬಂತು, ನಗುತ್ತಲೇ ಅತ್ತಳು. ಅವಳೇ ಎದ್ದು ಮಿಷನಿನ ಸ್ವಿಚ್ ಆರಿಸಿದಳು. ಸದ್ದು ನಿಂತಿತು. ನಾನು ಏಳಲು ಹೋಗಿ, ಮತ್ತೆ ಕೂತೆ.

ಸಂಜೆ ಅವಳು ವ್ಯಾನ್ ಕೇಳಿದ್ದವರಿಗೆ ಫೋನ್ ಮಾಡಿ, ಬರಬೇಡಿ, ನಮ್ಮಪ್ಪ ಎಲ್ಲಿಗೋ ಹೊರಟಿದ್ದಾರೆ ಎಂದು ಹೇಳಿದಳು. ಆಕ್ಸಿಜನ್ ಮಿಷನನ್ನು ತನ್ನ ಕಾರಿನಲ್ಲಿಟ್ಟುಕೊಂಡಳು. ಅವಳ ಜೊತೆ ಕೆಲಸ ಮಾಡುವವರೊಬ್ಬರ ತಂದೆಗೆ ಬೇಕಾಗಿತ್ತಂತೆ. ಹೊರಡುವ ಮೊದಲು ಜನರೇಟರ್ ಮುಂದೆ ಬಗ್ಗಿ, "ಈ ಕೆಂಪು ಏನು?" ಎಂದು ಕೇಳಿದಳು. ಹೇಳಿದೆ. ಹಳದಿಯ ವಿಷಯವನ್ನೂ ಹೇಳಿದೆ.

"ನಿನ್ನ ಹತ್ರ ಹಳದಿ ಪೆನ್ನು ಇದೆಯಾ?"

ಇರಲಿಲ್ಲ. ಅದನ್ನು ನಾನು ಯಾವತ್ತೂ ಮನೆಗೆ ತಂದದ್ದಿಲ್ಲ. ಅವಳು ಒಳಗೆ ಹೋಗಿ ಅರಿಶಿನದ ಡಬ್ಬಿ ತಂದಳು. ಎರಡು ಹನಿ ನೀರಿನಲ್ಲಿ ಕಲಸಿ ನನ್ನ ಮುಂದೆ ಹಿಡಿದಳು. ಕೆಂಪಿನ ಪಕ್ಕ ನಾನೇ ಬೆರಳಿನಲ್ಲಿ ಇಟ್ಟೆ.

ಬುಧವಾರ ಬೆಳಿಗ್ಗೆ ಹೊರಟೆ. ತುಮಕೂರು ರಸ್ತೆ, ಶಿರಾ, ಹಿರಿಯೂರು. ವ್ಯಾನ್ ಅರವತ್ತರ ಮೇಲೆ ಹೋದರೆ ಅದುರುತ್ತದೆ, ಹಾಗಾಗಿ ಲಾರಿಗಳೆಲ್ಲ ನನ್ನನ್ನು ದಾಟಿ ಹೋದವು. ಮೂರು ಕಡೆ ಸುಮ್ಮಸುಮ್ಮನೆ ನಿಲ್ಲಿಸಿದೆ. ಒಂದು ಸಲ ತಿರುಗಿಸಿ ವಾಪಸು ಅರ್ಧ ಕಿಲೋಮೀಟರ್ ಬಂದು, ಮತ್ತೆ ತಿರುಗಿಸಿದೆ. ಕಣಿವೆಯ ಹಿನ್ನೀರಿನ ಬದಿಯಲ್ಲಿ ತೋಟದವರೊಬ್ಬರನ್ನು ಕೇಳಿ ವ್ಯಾನ್ ನಿಲ್ಲಿಸಿದಾಗ ಸೂರ್ಯ ಇನ್ನೂ ಎರಡು ಆಳು ಮೇಲಿದ್ದ. ಜನರೇಟರನ್ನು ಇಳಿಸಿ ದೂರಕ್ಕೆ ಒಯ್ದಿಟ್ಟು, ಸೋರುವ ಕಡೆ ಕೆಳಗೆ ಒಂದು ಖಾಲಿ ಡಬ್ಬಿ ಇಟ್ಟೆ. ಓಡಿಸಿದೆ. ನನಗೆ ಬೇಕಾದದ್ದು ಒಂದು ಬಲ್ಬು ಮಾತ್ರ, ಆದರೂ ಓಡಿಸಿದೆ. ನೀರಿನ ಮೇಲೆ ಅದರ ಸದ್ದು ಹೋಗಿ, ಆಚೆ ಗುಡ್ಡಕ್ಕೆ ತಾಗಿ ವಾಪಸು ಬರುತ್ತಿತ್ತು.

ಮಂಚದ ಮೇಲೆ ಕೂತು ಪರದೆ ಸರಿಸಿದೆ. ಎದುರಿಗೆ ಗೋಡೆ ಇರಲಿಲ್ಲ. ಸೂರ್ಯ ಒಂದು ಗೇಣು ಉಳಿದಾಗ ಎದ್ದು ಹೋಗಬೇಕು ಅನಿಸಿತು, ಯಾರೋ ಹಾರ್ನ್ ಹೊಡೆದ ಹಾಗೆ. ಏಳಲಿಲ್ಲ. ಪೂರ್ತಿ ಮುಳುಗುವ ತನಕ ಕೂತೆ.

ಅವಳಿಗೆ ಬೇಕಾಗುತ್ತಿದ್ದಷ್ಟು ಹೊತ್ತೂ ಜನರೇಟರ್ ಓಡಿತು. ನಡುವೆ ಒಮ್ಮೆ ಎದ್ದು ಆರಿಸಿ, ಪೆಟ್ರೋಲ್ ತುಂಬಿ, ಮತ್ತೆ ಹಗ್ಗ ಎಳೆದೆ. ಬೆಳಕು ಹರಿದ ಮೇಲೆ ನಿಲ್ಲಿಸಿ, ಕೆಳಗಿನ ಡಬ್ಬಿಯನ್ನು ಹೊರಗೆಳೆದೆ. ಒಳಗಿದ್ದ ಎಣ್ಣೆಯನ್ನು, ಅವಳು ಉಪ್ಪಿನಕಾಯಿಗೆ ಇಟ್ಟುಕೊಂಡಿದ್ದ ಚಮಚದಲ್ಲಿ ಅಳೆದೆ.

ಒಂದು ಚಮಚವೂ ತುಂಬಲಿಲ್ಲ.